ರಕ್ಷಾಳ ಮೂರು ಲೋಟ ರಕ್ತ

ವಿಶಾಲಾಕ್ಷಮ್ಮ ಕಾಫಿ ಹುರಿದ ಪರಿಮಳ ಬಂದರೆ ಕಳಸದ ಪೇಟೆಬೀದಿಗೆ ಬೆಳಗಾಯಿತೆಂದೇ ಅರ್ಥ. ನಲವತ್ತು ವರ್ಷ ಮನೆಮಂದಿಗೆಲ್ಲ ಕಾಫಿ ಕಾಸಿಕೊಟ್ಟ ಅವರು, ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತೇ ಕುಡಿಯುತ್ತಿದ್ದರು. ಸೊಸೆ ಸೌಮ್ಯ ಪಾಠ ಹೇಳಲು ಶಾಲೆಗೆ ಹೊರಟರೆ, ಹತ್ತು ತಿಂಗಳ ಮೊಮ್ಮಗಳು ರಕ್ಷಾ ಅವರ ಸೊಂಟ ಏರುತ್ತಿದ್ದಳು.

ಅದು 2007. ರಕ್ಷಾಳ ನೆತ್ತಿಯ ಮೂಳೆಗಳು ಅವಧಿಗೆ ಮುಂಚೆಯೇ ಬೆಸೆದುಕೊಂಡು, ಮಿದುಳು ಬೆಳೆಯಲು ಜಾಗ ಸಾಲದಾಗಿತ್ತು. ಆಪರೇಶನ್ ಆಗಲೇಬೇಕು.

“ಮೂಳೆ ಬಿಡಿಸುವಾಗ ರಕ್ತ ತುಂಬ ಹೋಗ್ತದೆ. ಇವಳ ಮೈಯಲ್ಲಿರೋದೇ ಮೂರು ಲೋಟ,” ಎಂದರು ಮಂಗಳೂರಿನ ಡಾಕ್ಟರಮ್ಮ. “ಆದಷ್ಟು ಬೇರೆಯವರ ರಕ್ತ ಕೊಡದೇ ಮುಗಿಸೋಣ. ರಕ್ತಾಂಶ ಒಂಬತ್ತಿದೆ, ಹನ್ನೊಂದೂವರೆ ಆಗ್ಬೇಕು. ದಿನಾ ಈ ಕಬ್ಬಿಣದ ಹನಿ ಹಾಕಿ.”

ಮಗುವಿನ ಅಪ್ಪ ಶಶಿಧರ್‌ಗೆ ಹನಿಯ ಮೇಲೆ ನಂಬಿಕೆಯಿಲ್ಲ. “ನನ್ ಮಗಳಿಗೆ ನಾನ್ ರಕ್ತ ಕೊಡ್ತೀನಿ. ಜೀಪು ತುಂಬ ಜನ ಕರ್ಕೊಂಡ್ ಬರ್ತೀನಿ,” ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ದಿನಕ್ಕೆರಡು ಸಲ ಒದೆಯುವ ಕಾಲು ಹಿಡಿದು, ಹನಿ ಹಾಕಿ, ಉಗಿದದ್ದನ್ನು ಒರೆಸಿ, ಕಲೆಯಾದ ಅಂಗಿ ಒಗೆದದ್ದು ವಿಶಾಲಾಕ್ಷಮ್ಮ. ಪೇಟೆಯಲ್ಲಿ ಅದು ಸುದ್ದಿಯಾಗಲಿಲ್ಲ.

ಮೂರು ವಾರ ಕಳೆದು ಪರೀಕ್ಷೆ ಮಾಡಿದರೆ ಒಂಬತ್ತು ಒಂಬತ್ತೇ.

“ಒಂದ್ ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ,” ಎಂದರು ವಿಶಾಲಾಕ್ಷಮ್ಮ. “ಬಾಯಿ ಕೆಡತ್ತಲ್ಲಾಂತ ಮೇಲಿಂದ ಎರಡು ಚಮಚ ಬೆಲ್ಲದ ಕಾಫೀನೂ ಕೊಟ್ಟಿದೀನಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಕಾಫೀನಾ?”

“ನಮ್ ಕಡೆ ತೊಟ್ಟಿಲಲ್ಲಿರೋವೂ ಕುಡೀತಾವೆ.”

“ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲಮ್ಮ! ಕಾಫಿ ಬಿಟ್ಟು ಮೂಸಂಬಿ ರಸ ಕೊಡಿ.”

ಆಪರೇಶನ್ ಐದು ವಾರ ಮುಂದೆ ಹೋಯಿತು. ಊರಿಗೆ ಮರಳುವ ಬಸ್ಸು ಚಾರ್ಮಾಡಿ ಘಾಟಿ ಹತ್ತುವಾಗ ವಿಶಾಲಾಕ್ಷಮ್ಮ ಪಕ್ಕದಲ್ಲಿದ್ದ ಸೌಮ್ಯಳಿಗೆ, “ನಾನೇ ಹಾಳ್ ಮಾಡ್ದೆ ಕಣೇ,” ಎಂದರು.

“ಹನಿ ಹಾಕಿದೋರು ನೀವೊಬ್ರೇ ಅತ್ತೆ,” ಎಂದಳು ಸೌಮ್ಯ. “ಏನೂ ಮಾಡದೋರು ತಪ್ಪೂ ಮಾಡಲ್ಲ ಬಿಡಿ.”

ಅಂದಿನಿಂದ ಮಗುವಿನ ಹತ್ತಿರ ಕಾಫಿ ಲೋಟ ಸುಳಿಯಲಿಲ್ಲ. ಐದು ವಾರಕ್ಕೆ ರಕ್ತಾಂಶ ಹನ್ನೊಂದೂವರೆ ಮುಟ್ಟಿತು. ಆಪರೇಶನ್‌ನಲ್ಲಿ ರಕ್ತ ಸೋರುವುದನ್ನು ತಗ್ಗಿಸುವ ಔಷಧಿ ಕೊಟ್ಟರು. ಹೋದ ರಕ್ತವನ್ನೇ ಹೀರಿ, ತೊಳೆದು, ಅವಳಿಗೇ ಮರಳಿಸಿದರು. ಹೊರಗಿನದು ಒಂದು ತೊಟ್ಟೂ ಬೇಕಾಗಲಿಲ್ಲ.

ಐವರನ್ನು ಜೀಪಿನಲ್ಲಿ ಕರೆತಂದಿದ್ದ ಶಶಿಧರ್ ಪೆಚ್ಚಾದ. “ಹಂಗಾದ್ರೆ ನಾವು?”

“ಬಂದೋರು ಕೊಟ್ಟೇ ಹೋಗಿ,” ಎಂದು ಡಾಕ್ಟರಮ್ಮ ನಕ್ಕರು. “ಬೇರೆ ಮಕ್ಕಳಿಗೆ ಬೇಕಾಗ್ತದೆ.”

ರಕ್ತ ಕೊಟ್ಟು ಬಂದವನು ಬೆಂಚಿಗೆ ಒರಗಿದ. “ಅಮ್ಮಾ, ಫ್ಲಾಸ್ಕಲ್ಲಿ ಕಾಫಿ ಇದ್ಯಾ?”

ವಿಶಾಲಾಕ್ಷಮ್ಮ ಅವನ ಕೈಗೆ ಮೂಸಂಬಿ ಇಟ್ಟರು. “ರಕ್ತ ಕೊಟ್ಟೋರಿಗೆ ಕಾಫಿ ಇಲ್ಲ ಮಾರಾಯ. ನೀನೇ ಸುಲ್ಕೊಂಡು ತಿನ್ನು.”

ಫ್ಲಾಸ್ಕಿನಿಂದ ಸೌಮ್ಯಳಿಗೊಂದು, ತಮಗೊಂದು ಲೋಟ ತುಂಬಿಸಿಕೊಂಡು, ಕೂತು ಕುಡಿದರು.