ಗೇಟಿಗೆ ತೂಗುಹಾಕಿದ ಫೋಟೊ

ಟೈಪಿಂಗ್ ಸರ್ ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಮಾತಾಡುವಾಗ ಪದ ಪದದ ನಡುವೆ ಅದು ಮೇಜಿಗೆ ಒಮ್ಮೆ ಬಡಿಯುತ್ತಿತ್ತು. ನಲವತ್ತು ವರ್ಷ ಟೈಪ್‌ರೈಟರಿನಲ್ಲಿ ಜಾಗ ಬಿಡುವ ಉದ್ದ ಪಟ್ಟಿಯನ್ನು ಒತ್ತಿ ಬಂದ ಅಭ್ಯಾಸ ಅದು. ಮೇಜು ಸಿಗದಿದ್ದರೆ ಮೊಣಕಾಲು, ಇಲ್ಲವೆ ಚಹಾದ ಲೋಟ. "ಜಾಗ ಬಿಡವ್ವ," ಎನ್ನುತ್ತಿದ್ದರು ಕಲಿಸುವಾಗ. "ಪದಕ್ಕ ಪದ ಅಂಟಿಸಿದ್ರ ಓದಾಕ ಬಂದೋರು ಎಲ್ಲಿ ಕುಂದ್ರಬೇಕು?"

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಮಹಡಿಯ ಮೇಲಿದ್ದ ಅವರ ಇನ್‌ಸ್ಟಿಟ್ಯೂಟಿನಲ್ಲಿ ನಾನು ಮದುವೆಗೆ ಮುಂಚೆ ಜೂನಿಯರ್ ಟೈಪಿಂಗ್ ಕಲಿತೆ. ಮತ್ತೆ ಆ ಮೆಟ್ಟಿಲು ಹತ್ತಿದ್ದು ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾದ ಮೇಲೆ. ಅಷ್ಟರಲ್ಲಿ ಟೈಪ್‌ರೈಟರುಗಳು ಮೂಲೆ ಸೇರಿದ್ದವು. ಸರ್ ಕಂಪ್ಯೂಟರ್ ಇಟ್ಟುಕೊಂಡು ಲಾಡ್ಜಿನವರಿಗೆ, ಅಂಗಡಿಯವರಿಗೆ ಇಂಟರ್‌ನೆಟ್ ಜಾಹೀರಾತು ಬರೆದುಕೊಡುತ್ತಿದ್ದರು.

ಮಲಪನಗುಡಿಯಲ್ಲಿ ಮನೆಗೆ ಸೇರಿದಂತೆ ಯಜಮಾನರು ಮೂರು ರೂಮು ಕಟ್ಟಿಸಿದ್ದರು, ಹಂಪಿ ನೋಡಲು ಬರುವವರಿಗೆಂದು. ಬಣ್ಣದ ವಾಸನೆ ಹೋಗುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. "ಶಿವರಾತ್ರಿ ತನಕ ನೋಡ್ರಿ ಅತ್ತಿಗಿ," ಎಂದಿದ್ದ ಮೈದುನ. "ಮಂದಿ ಬರ್ಲಿಲ್ಲಂದ್ರ ಕೀಲಿ ಕೊಟ್ಬಿಡ್ರಿ. ಗೊಬ್ಬರದ ಗೋಡೌನ್ ಮಾಡ್ಕೊಂತೀನಿ." ಕೀಲಿ ಕೊಟ್ಟರೆ ನನಗೆ ಉಳಿಯುವುದು ಕಂಪ್ಲಿಯ ತವರು, ಅಣ್ಣನ ಮನೆಯ ಒಂದು ಮೂಲೆ. ದೀಪಾವಳಿ ಕಳೆದು ಹಂಪಿಯ ತುಂಬ ಜನ. ನನಗೆ ಮಾತ್ರ ಒಂದು ಫೋನೂ ಬರಲಿಲ್ಲ. ಯಾರೂ ಮಲಗದ ಹಾಸಿಗೆಯನ್ನು ದಿನಾ ಕೊಡವಿ ಮತ್ತೆ ಹಾಸುತ್ತಿದ್ದೆ.

ಇಂಟರ್‌ನೆಟ್ಟಿನಲ್ಲಿ ಜಾಹೀರಾತೇನೋ ಕೊಟ್ಟಿದ್ದೆ. ಯಾರು ಹುಡುಕಿದರೂ ಅದು ಕಾಣುತ್ತಿರಲಿಲ್ಲ. ಸರ್ ನನ್ನ ಖಾತೆ ತೆರೆದು ತೋರಿಸಿದರು. ಜಾಹೀರಾತು ಒತ್ತಿದವರು ಬಂದು ಸೇರುವ ನನ್ನ ಪುಟದ ಎದುರು 'ಸರಾಸರಿಗಿಂತ ಕಡಿಮೆ' ಎಂದು ಬರೆದಿತ್ತು.

"ಇದೇನ್ರಿ ಸರ್, ಪರೀಕ್ಷಿ ರಿಸಲ್ಟ್ ಇದ್ದಂಗೈತಿ?"

"ಪರೀಕ್ಷಿನ ಅದು. ಬಂದೋರಿಗೆ ಅವ್ರು ಹುಡುಕಿದ್ದು ಸಿಗತೈತೋ ಇಲ್ಲೋ, ಜಲ್ದಿ ಸಿಗತೈತೋ ಇಲ್ಲೋ, ಜಾಹೀರಾತಿನ್ಯಾಗ ಹೇಳಿದ್ದ ಒಳಗ ಐತೋ ಇಲ್ಲೋ, ಅಷ್ಟ ನೋಡೋದು. ಇಲ್ಲಂದ್ರ ನಿನ್ನ ಹಿಂದಕ ತಳ್ಳಿ ಬ್ಯಾರೇದೋರನ್ನ ಮುಂದ ತೋರಸ್ತಾರ. ನೀನೆಂದೂ ಫೇಲಾದಾಕಿ ಅಲ್ಲಲ್ಲ, ಇದನ್ಯಾಕ ಫೇಲ್ ಮಾಡ್ಕೊಂಡಿ?"

ಅವರದೊಂದು ಪದ್ಧತಿ ಇತ್ತು. ಮೊಬೈಲು ಹಿಡಿದು ನನ್ನನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಈಗ ನಾನು ಪರಊರಾಂವ. ಹಂಪಿ ಹತ್ರ ರೂಮು, ಮನಿ ಊಟ ಅಂತ ನಿನ್ನ ಜಾಹೀರಾತು ನೋಡೀನಿ. ಒತ್ತತೀನಿ." ಒತ್ತಿ, ಅ, ಆ, ಇ, ಈ ಎಂದು ಶುರುಮಾಡಿದರು. ಅಃ ಬರುವುದರೊಳಗೆ ಪುಟ ತೆರೆಯಬೇಕು, ಇಲ್ಲದಿದ್ದರೆ ಬಂದವರು ಹೊಳ್ಳಿ ಹೋದರೆಂದೇ ತಿಳಿಯಬೇಕು. ಅದು ಅವರ ಗಡಿಯಾರ.

ಅಃ ಆಯಿತು. ಕ, ಖ, ಗ ಕೂಡ ಆಯಿತು. ಆಮೇಲೆ ಮೇಲಿನಿಂದ ನಿಧಾನಕ್ಕೆ ಒಂದು ಹಣೆ ಇಳಿಯಿತು, ವಿಭೂತಿ, ಕಣ್ಣು, ಹಾರ. ನಮ್ಮ ಯಜಮಾನರು. ಕೆಳಗೆ 'ಶಿವೈಕ್ಯ' ಎಂಬ ಬರಹ. ಪುಟ ಮಾಡಿಕೊಟ್ಟಿದ್ದು ಅವರ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದ್ದ ಅಂಗಡಿಯೇ. ಸರ್ಕಲ್ಲಿನಲ್ಲಿ ಆಳೆತ್ತರ ನಿಂತ ಫೋಟೊವನ್ನು ಹಾಗೆಯೇ ಹಾಕಿಸಿದ್ದೆ; ಅಷ್ಟು ದೊಡ್ಡದು ತೆರೆದುಕೊಳ್ಳಲೇ ಹೊತ್ತು ಬೇಕಿತ್ತು. ರೂಮು ಕಾಣಬೇಕಾದರೆ ಅವರನ್ನು ದಾಟಿ, ಅವರ ಜೀವನದ ವಿವರ ದಾಟಿ ಬಹಳ ಕೆಳಗೆ ಇಳಿಯಬೇಕಿತ್ತು.

ಸರ್ ಅವರ ಹೆಬ್ಬೆರಳು ನಿಂತಿತು.

"ಅವ್ರನ್ನ ತೆಗಿ ಅಂತೀರೇನ್ರಿ ಸರ್?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. "ಕಟ್ಟಿದೋರು ಅವ್ರು."

"ಮನ್ಯಾಗ ಫೋಟೊ ಎಲ್ಲಿ ಹಾಕೀಯವ್ವ?"

"ನಡುಮನ್ಯಾಗ."

"ಗೇಟಿಗೆ ಹಾಕಿಲ್ಲಲ್ಲ. ತೆಗಿ ಅನ್ನಂಗಿಲ್ಲ ನಾನು. ಒಳಗ ಕುಂದ್ರಸು. ಬಿಸಿಲಾಗ ಬಾಗಿಲ ಕಾಯಾಕ ಹಚ್ಚಬ್ಯಾಡ ಅವ್ರನ್ನ."

ಮೆಟ್ಟಿಲು ಇಳಿದು ಬಂದೆ. ಸತ್ತವರನ್ನು ಇನ್ನೊಮ್ಮೆ ಮನೆಯಿಂದ ಹೊರಡಿಸು ಎಂದಂತೆ ಕೇಳಿತ್ತು ಆ ಮಾತು. ನಾಲ್ಕು ದಿನ ಆ ಕಡೆ ಹಾಯಲಿಲ್ಲ. ಐದನೆಯ ದಿನ ಮೈದುನ ಟೇಪು ಹಿಡಿದು ರೂಮು ಅಳೆಯಲು ಬಂದ. "ಸುಮ್ನ ನೋಡಾಕ ಬಂದೀನ್ರಿ," ಎನ್ನುತ್ತಲೇ ಗೋಡೆಗೆ ಸುಣ್ಣದಿಂದ ಗುರುತು ಹಾಕಿದ. ಅವನು ಹೋದ ಮೇಲೆ ಆ ಗುರುತು ಒರೆಸಿ ಬಸ್ಸು ಹತ್ತಿದೆ.

ನನ್ನನ್ನು ಕಂಡು ಸರ್ ಕುರ್ಚಿ ಎಳೆದು ತಮ್ಮ ಪಕ್ಕಕ್ಕೆ ಹಾಕಿದರು. ಆಗಲೇ ಅವರಿಗೆ ಬಿಟ್ಟೂ ಬಿಟ್ಟೂ ಕೆಮ್ಮು. ಎರಡು ದಿನ ಕೂತು, ನನಗೂ ಕಲಿಸುತ್ತ, ಪುಟವನ್ನು ಹೊಸದಾಗಿ ಕಟ್ಟಿದರು. ಮೊದಲು ರೂಮು, ಬಾಡಿಗೆ, ಊಟ, ಹಂಪಿಗೆ ಎಷ್ಟು ದೂರ, ನನ್ನ ಫೋನ್ ನಂಬರು. ನಾನು ಸೇರಿಸಿರೆಂದ ಹಂಪಿಯ ಕಲ್ಲಿನ ರಥದ ಫೋಟೊವನ್ನು ಹೊಡೆದುಹಾಕಿದರು: "ನಿನ್ನ ಮನ್ಯಾಗ ಐತೇನು ಅದು?" ಕೊನೆಗೆ 'ಈ ಮನೆ ಕಟ್ಟಿದವರು' ಎಂದು ಒಳಪುಟ. ಅಲ್ಲಿ ಹಾರವಿಲ್ಲದ, ಇಟ್ಟಿಗೆಗೆ ನೀರು ಹಾಕುತ್ತ ನಿಂತ ಯಜಮಾನರ ಸಣ್ಣ ಫೋಟೊ. ಅದನ್ನು ನನ್ನ ಮೊಬೈಲಿನಿಂದ ಹುಡುಕಿ ತೆಗೆದವರೂ ಸರ್ ಅವರೇ. ಮತ್ತೆ ಬಾಗಿಲಾಚೆ ನಿಂತು ಒತ್ತಿದರು. 'ಈ' ಅನ್ನುವಷ್ಟರಲ್ಲಿ ತೆರೆಯಿತು.

ಫಲಿತಾಂಶ ಬದಲಾಗಲು ದಿನ ಹಿಡಿಯಿತು. ದಿನಾ ಬೆಳಿಗ್ಗೆ ನೋಡುವೆ, ಕಡಿಮೆ, ಕಡಿಮೆ. ಒಂದು ಬೆಳಿಗ್ಗೆ 'ಸರಾಸರಿ' ಎಂದಿತ್ತು. ಹೇಳಲು ಓಡಿದೆ. ಇನ್‌ಸ್ಟಿಟ್ಯೂಟಿಗೆ ಬೀಗ. ಸರ್ ಆಸ್ಪತ್ರೆಯಲ್ಲಿದ್ದರು, ಮೂಗಿಗೆ ಬಾಯಿಗೆ ಆಕ್ಸಿಜನ್ ಹಾಕಿದ್ದರು. ಕಿವಿಯ ಹತ್ತಿರ ಬಗ್ಗಿ, "ಪಾಸಾದ್ವಿ ಸರ್, ಪುಣೆಯಿಂದ ರೂಮು ಕೇಳಿ ಫೋನ್ ಬಂದೈತಿ," ಎಂದೆ. ಹೆಬ್ಬೆರಳು ಹಾಸಿಗೆಯ ಮೇಲೆ ಒಮ್ಮೆ ಆಡಿತು. ಕೇಳಿಸಿತೋ, ಬರೀ ನರ ಅಲುಗಿತೋ, ಇಂದಿಗೂ ತಿಳಿಯದು. ಮುಂದಿನ ಪದಕ್ಕಾಗಿ ಕಾಯುತ್ತ ಕೂತೆ. ಮರುದಿನ ಹೋದರು.

ಶಿವರಾತ್ರಿಗೆ ಬಂದ ಮೈದುನ ಬಾಗಿಲಲ್ಲಿ ಪರಊರವರ ಚಪ್ಪಲಿ ಕಂಡು, ನೀರು ಕುಡಿದು ಹೋದ. ಕೀಲಿ ಕೇಳಲಿಲ್ಲ. ಮುಂದಿನ ವರ್ಷ ಕೇಳಬಹುದು. ಆಗ ಯಾವ ಮೆಟ್ಟಿಲು ಹತ್ತಲಿ?

ಶಿಷ್ಯರು ಸರ್ಕಲ್ಲಿನಲ್ಲಿ ಸರ್ ಅವರ ಫ್ಲೆಕ್ಸ್ ಹಾಕಿದರು. ಅದೇ ಫೋಟೊವನ್ನು ಇನ್‌ಸ್ಟಿಟ್ಯೂಟಿನ ಇಂಟರ್‌ನೆಟ್ ಪುಟದ ತಲೆಗೆ ಹಾಕಿಕೊಡೆಂದು ಅವರ ಮನೆಯವರು ಕೇಳಿದರು. ಸರ್ ನನಗೆ ಹೇಳಿದ್ದನ್ನೇ ಹೇಳಬೇಕಿತ್ತು. ಮನೆಯವರ ಆ ಕಣ್ಣುಗಳ ಎದುರು ಹೇಳಲು ಬಾಯಿ ಬರಲಿಲ್ಲ. ಸಣ್ಣದೂ ಮಾಡದೆ ಹಾಕಿದೆ.

ನಿನ್ನೆ, ಬೀಗ ಹಾಕಿದ ಇನ್‌ಸ್ಟಿಟ್ಯೂಟಿನ ಬಾಗಿಲಾಚೆ ನಿಂತು ಆ ಪುಟ ಒತ್ತಿದೆ. ಅ, ಆ, ಇ, ಈ. ಅಃ ಆಯಿತು, ತೆರೆಯಲಿಲ್ಲ. ಹೊಳ್ಳಿ ಹೋಗಬೇಕಿತ್ತು. ಕ, ಖ, ಗ ಎನ್ನುತ್ತ ನಿಂತೇ ಇದ್ದೆ.