ಎರಡು ರೆಗ್ಯುಲೇಟರ್, ಒಂದು ದೋಸೆ

ಗ್ಯಾಸ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಅಮ್ಮನ ಕೈಕೆಳಗೆ ಪಳಗಿದವನಲ್ಲವೇ? ಬಸ್ ಸ್ಟಾಪ್ ಮುಟ್ಟಿದ ಮೇಲೂ "ರೆಗ್ಯುಲೇಟರ್ ಆಫ್ ಮಾಡಿದ್ಯೇನೋ?" ಎಂದು ಕೇಳಿ, ನೋಡಿಕೊಂಡು ಬರಲು ನನ್ನನ್ನು ಮನೆಗೆ ಓಡಿಸುತ್ತಿದ್ದಳು. ರೆಗ್ಯುಲೇಟರ್ ಇದ್ದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಬೀದಿಯೇ ಹಾರಿಹೋಗುತ್ತದೆ. ನನ್ನ ಗ್ಯಾಸ್ ಪಾಂಡಿತ್ಯ ಇಷ್ಟೇ. ಈ ಪಾಂಡಿತ್ಯ ಇಟ್ಟುಕೊಂಡೇ ಕೊರೋನಾ ಬಂದ ಮೊದಲ ಬೇಸಿಗೆಯಲ್ಲಿ, ಐರ್ಲೆಂಡಿನ ಕಾರ್ಕ್‌ನ ನಮ್ಮ ಮನೆ ಮುಂದೆ, ಹೆಂಡತಿಗೆ ಒಂದು ಬಿಸಿ ದೋಸೆ ಹಾಕಿಕೊಡಲಾಗದೆ ಪೇಚಾಡಿದೆ.

ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು. ಆಗ ಅವಳಿಗೆ ಕೋವಿಡ್ ವಾರ್ಡಿನ ಡ್ಯೂಟಿ. ಮಗಳಿಗೆ ಆಸ್ತಮಾ. ಇಬ್ಬರೂ ಒಂದೇ ಸೂರಿನಡಿ ಇರುವುದು ಬೇಡ ಎಂದು ಹೆಂಡತಿಯೇ ತೀರ್ಮಾನಿಸಿದಳು. ಪಕ್ಕದ ಮನೆಯ ಹಿರಿಯರು, ಕೆಲಸ ಬಿಟ್ಟ ಪ್ಲಂಬರ್, ತಮ್ಮ ಕ್ಯಾಂಪರ್‌ವ್ಯಾನನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಒಳಗೆ ಹಾಸಿಗೆ, ಸಿಂಕು, ಒಲೆ, ಎಲ್ಲ ಇದ್ದ ಗಾಡಿ. ಲಾಕ್‌ಡೌನ್‌ನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ನಾನಾದರೂ ಇದನ್ನು ಎಲ್ಲಿಗೆ ಓಡಿಸಲಿ ಎಂದರು. ಹೀಗೆ ನನ್ನ ಹೆಂಡತಿ ಮನೆ ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ ಬೇರೆ ಸಂಸಾರ ಹೂಡಿದಳು.

ಡ್ಯೂಟಿ ಮುಗಿಸಿ ಬಂದವಳಿಗೆ ಆ ಒಲೆ ಹಚ್ಚುವ ತ್ರಾಣವೂ ಇರುತ್ತಿರಲಿಲ್ಲ. ನಾನು ತಟ್ಟೆಯನ್ನು ವ್ಯಾನಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಅವಳು ಸ್ನಾನ ಮುಗಿಸಿ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ತಣ್ಣಗೆ. ಮೂರನೇ ವಾರದ ಹೊತ್ತಿಗೆ ತಟ್ಟೆಗಳು ಅರ್ಧಕ್ಕರ್ಧ ತುಂಬಿಕೊಂಡೇ ವಾಪಸು ಬರತೊಡಗಿದವು. ಅವಳ ಕೆನ್ನೆ ಗುಳಿಬಿದ್ದಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಏನ್ ತಿನ್ಬೇಕು ಅನ್ಸತ್ತೆ, ಹೇಳು," ಎಂದು ಫೋನಿನಲ್ಲಿ ಕೇಳಿದೆ.

"ಕಾವಲಿಯಿಂದ ನೇರ ತಟ್ಟೆಗೆ ಬಿದ್ದ ದೋಸೆ," ಎಂದಳು. "ಆದ್ರೆ ಆಗಲ್ಲ ಬಿಡ್ರೀ."

ಆಗಲ್ಲ ಎಂದರೆ ನಾನು ಬಿಡುವವನೇ? ಭಾನುವಾರ ಅವಳಿಗೆ ಒಂದೇ ಒಂದು ರಜೆ. ಸೋಮವಾರದಿಂದ ಮತ್ತೆ ಆರು ದಿನ ಎಡೆಬಿಡದ ಡ್ಯೂಟಿ. ಹಿಟ್ಟು ರುಬ್ಬಿ ಹಾಟ್ ಪ್ರೆಸ್‌ನಲ್ಲಿಟ್ಟೆ. ಹಾಟ್ ಪ್ರೆಸ್ ಎಂದರೆ ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟು. ಐರ್ಲೆಂಡಿನಲ್ಲಿ ದೋಸೆ ಹಿಟ್ಟು ಉಬ್ಬುವುದು ಅಲ್ಲಿ, ಟವೆಲುಗಳ ಪಕ್ಕದಲ್ಲಿ ಮಾತ್ರ. ಊರಂಚಿನ ಲಿಟಲ್ ಐಲ್ಯಾಂಡ್‌ನ ಒಂದು ಅಂಗಡಿಯಿಂದ ಪುಟ್ಟ ಗ್ಯಾಸ್ ಗ್ರಿಲ್ ತರಿಸಿದೆ. ವ್ಯಾನಿನ ಹೊರಮೈಯಲ್ಲಿ ಒಂದು ಮುಚ್ಚಳ. ಅದರ ಹಿಂದೆ ಒಳಗಿನ ಕೆಂಪು ಪ್ರೊಪೇನ್ ಸಿಲಿಂಡರ್‌ನಿಂದ ಗ್ಯಾಸ್ ಕೊಡುವ ಪಾಯಿಂಟ್. ಅಲ್ಲಿಂದ ಗ್ರಿಲ್‌ಗೆ ಪೈಪ್ ಹಾಕಿದರೆ ಆಯಿತು. ಅವಳು ಮೆಟ್ಟಿಲ ಮೇಲೆ ಕೂರುತ್ತಾಳೆ, ನಾನು ದೂರದಲ್ಲಿ ನಿಂತು ದೋಸೆ ಹಾಕುತ್ತೇನೆ.

ಪೈಪ್ ಜೊತೆ ಬಂದ ಚೀಟಿಯಲ್ಲಿ, ಗ್ರಿಲ್‌ನ ರೆಗ್ಯುಲೇಟರ್ ಬಿಚ್ಚಿ ಆ ಜಾಗಕ್ಕೇ ಪೈಪ್ ತಿರುಗಿಸಿ ಎಂದಿತ್ತು. ರೆಗ್ಯುಲೇಟರ್ ಬಿಚ್ಚುವುದೇ! ಯಾವನೋ ತಲೆಕೆಟ್ಟವನು ಬರೆದಿದ್ದಾನೆ ಎಂದುಕೊಂಡೆ. ಪೈಪಿನ ತುದಿ ರೆಗ್ಯುಲೇಟರ್‌ಗೆ ಹೊಂದಲಿಲ್ಲ. ಅದಾದರೂ ಒಂದು ಸೂಚನೆಯಲ್ಲವೇ? ಅಲ್ಲ, ಜಾಣನಾದ ನಾನು ಒಂದು ಹಿತ್ತಾಳೆ ಅಡಾಪ್ಟರ್ ತರಿಸಿ ಹೊಂದಿಸಿದೆ. ಸೋಪಿನ ನೀರು ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಬರಲಿಲ್ಲ. ಅಮ್ಮ ನೋಡಿದ್ದರೆ ಹೆಮ್ಮೆಪಡುತ್ತಿದ್ದಳು.

ಭಾನುವಾರ ಸಂಜೆ ಐದಕ್ಕೆ ಹೆಂಡತಿ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಳು. ಮಗಳು ಮನೆ ಬಾಗಿಲಲ್ಲಿ. ನಾನು ಗ್ರಿಲ್ ಹಚ್ಚಿದೆ. ಬೆಂಕಿ ಬಂತು, ದೇವರ ಮನೆಯ ದೀಪದಷ್ಟು. ಕಾವಲಿ ಇಟ್ಟು ಕಾದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಡೆಯಲಾರದೆ ಹಿಟ್ಟು ಹುಯ್ದೆ. ಸದ್ದೇ ಇಲ್ಲ. ಹಿಟ್ಟು ಕಾವಲಿಗೆ ಅಂಟಿ ಬೆಳ್ಳಗೆ ಕೂತಿತು.

"ಡ್ಯಾಡ್, ಇಟ್ಸ್ ನಾಟ್ ಈವನ್ ಹಾಟ್, ಲೈಕ್," ಎಂದಳು ಮಗಳು, ಅಪ್ಪಟ ಕಾರ್ಕ್ ರಾಗದಲ್ಲಿ.

"ಸುಮ್ನಿರಮ್ಮ, ಕಾಯ್ತಾ ಐತೆ."

ಗೋಡೆಯಾಚೆಯಿಂದ ಪಕ್ಕದ ಮನೆಯವರು ಕೈಯೆತ್ತಿ, ಸಹಾಯ ಬೇಕಾ ಎಂದು ಕೇಳಿದರು. "ಗ್ರ್ಯಾಂಡ್, ಗ್ರ್ಯಾಂಡ್!" ಎಂದೆ, ಎಲ್ಲ ಸರಿಯಿದೆ ಎಂಬುದಕ್ಕೆ ಇಲ್ಲಿನವರು ಹೇಳುವ ಹಾಗೆ. ಸಿಲಿಂಡರ್ ಕಂಡೇ ಬೆಳೆದವನಿಗೆ ಇವರೇನು ಹೇಳಿಕೊಡುತ್ತಾರೆ? ನಾಬ್ ತಿರುಗಿಸಿದೆ, ಪೈಪ್ ಬಿಚ್ಚಿ ಮತ್ತೆ ಹಾಕಿದೆ, ಗಾಳಿಯನ್ನು ಬೈದೆ, ಅಂಗಡಿಯವನನ್ನು ಬೈದೆ. ಎರಡನೆಯ ದೋಸೆಯೂ ಗಂಜಿಯಾಯಿತು.

ತಿರುಗಿ ನೋಡಿದರೆ ಹೆಂಡತಿ ವ್ಯಾನಿನ ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಮಡಿಲಲ್ಲಿ ಖಾಲಿ ತಟ್ಟೆ. ಮಗಳು ಅವಳಿಗೆ ಹೊದಿಸಲು ಶಾಲು ತೆಗೆದುಕೊಂಡು ನಡೆದೇಬಿಟ್ಟಳು. "ಹತ್ರ ಹೋಗ್ಬೇಡ!" ಎಂದೆ. ಅವಳು ಶಾಲು ಹಿಡಿದುಕೊಂಡು ನಿಂತಲ್ಲೇ ನಿಂತಳು. ನನಗೆ ಅಳು ಬಂತು. ಇದ್ದ ಒಂದು ಸಂಜೆಯನ್ನೂ ನನ್ನ ಜಂಬಕ್ಕೆ ಹಾಳುಮಾಡಿದ್ದೆ.

ಗೋಡೆಯ ಹತ್ತಿರ ಹೋಗಿ, "ಬನ್ನಿ, ದಯವಿಟ್ಟು ನೋಡಿ," ಎಂದೆ.

ಅವರು ಮಾಸ್ಕ್ ಹಾಕಿಕೊಂಡು ಬಂದು, ಗ್ರಿಲ್‌ನ ಪಕ್ಕ ಬಗ್ಗಿ ನೋಡಿ ನಕ್ಕರು. ವ್ಯಾನಿನೊಳಗೆ ಸಿಲಿಂಡರ್ ಬಳಿಯೇ ಒಂದು ರೆಗ್ಯುಲೇಟರ್ ಇದೆಯಂತೆ. ಹೊರಗಿನ ಪಾಯಿಂಟಿಗೆ ಬರುವ ಗ್ಯಾಸ್ ಆಗಲೇ ಒತ್ತಡ ಇಳಿಸಿಕೊಂಡು ಬಂದಿರುತ್ತದೆ. ಅದರ ಮೇಲೆ ನಾನು ಇನ್ನೊಂದು ರೆಗ್ಯುಲೇಟರ್ ಜಡಿದು, ಬಂದ ಚೂರುಪಾರನ್ನೂ ಹಿಸುಕಿಬಿಟ್ಟಿದ್ದೆ. ಅವರು ಸಿಲಿಂಡರ್ ಆಫ್ ಮಾಡಿ, ನನ್ನ ಪ್ರೀತಿಯ ರೆಗ್ಯುಲೇಟರನ್ನೂ ಹಿತ್ತಾಳೆ ಅಡಾಪ್ಟರನ್ನೂ ಬಿಚ್ಚಿ ನನ್ನ ಕೈಗಿಟ್ಟರು. ಪೈಪನ್ನು ನೇರ ಗ್ರಿಲ್‌ಗೆ ತಿರುಗಿಸಿ, ಸೋಪಿನ ನೀರು ಹಚ್ಚಿ ನೋಡಿ, ಹಚ್ಚು ಎಂದರು. ನಾನು ಕಣ್ಣು ಮುಚ್ಚಿಕೊಂಡು ಹಚ್ಚಿದೆ. ಬೀದಿ ಹಾರಿಹೋಗಲಿಲ್ಲ. ಭರ್ತಿ ನೀಲಿ ಬೆಂಕಿ.

ಕಾವಲಿ ಉಜ್ಜಿ ತೊಳೆದು ಇಟ್ಟು, ಕಾದ ಮೇಲೆ ಹಿಟ್ಟು ಹುಯ್ದೆ. ಚುಂಯ್ ಎಂದಿತು. ಆ ಸದ್ದಿಗೇ ಅವಳು ಎಚ್ಚರವಾದಳು. ದೋಸೆಯನ್ನು ನಡುವೆ ಇದ್ದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿದೆ. ಅವಳು ಎತ್ತಿಕೊಂಡು, ಬೆರಳು ಸುಟ್ಟುಕೊಂಡು, ಊದಿ, ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿಕೊಂಡಿತು.

"ಪಾಪ, ಎಷ್ಟು ದಿನ ಆಗೋಗಿತ್ತು ಅಲ್ವಾ?" ಎಂದೆ.

"ದಿನ ಅಲ್ಲ ರೀ," ಎಂದಳು. "ಮದುವೆ ಆದ್ಮೇಲೆ ಇದೇ ಮೊದಲು."

ಹನ್ನೆರಡು ವರ್ಷದ ಭಾನುವಾರಗಳು. ನಾನೂ ಮಗಳೂ ಟೇಬಲ್ಲಿನಲ್ಲಿ, ಅವಳು ಒಲೆಯ ಮುಂದೆ. "ಇನ್ನೊಂದ್ ಹಾಕೇ, ಗರಿಯಾಗಿರ್ಲಿ" ಎಂದು ನಾನು ಕೂಗುವುದು, ಅವಳು ಹಾಕುವುದು. ನಾವು ಕೈ ತೊಳೆದು ಎದ್ದ ಮೇಲೆ ಮಿಕ್ಕಿದ್ದನ್ನು ಅವಳು ತಿನ್ನುವುದು. ಅವಳ ಬಿಸಿ ದೋಸೆಯನ್ನು ಕೊರೋನಾ ಕಿತ್ತುಕೊಂಡಿತು ಎಂದು ನಾನು ತಿಳಿದಿದ್ದೆ.

ಅವಳು ಖಾಲಿ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು.

"ಇನ್ನೊಂದ್ ಹಾಕ್ರೀ," ಎಂದಳು. "ಗರಿಯಾಗಿರ್ಲಿ."

ಹಾಕಿದೆ. ಅವಳಿಗೆ, ಮಗಳಿಗೆ, ಗೋಡೆಯಾಚೆಯವರಿಗೆ, ಹಿಟ್ಟು ತಳ ಕಾಣುವವರೆಗೂ ಹಾಕಿದೆ. ಕೊನೆಯದು ನನ್ನದು. ಗ್ಯಾಸ್ ಆಫ್ ಮಾಡಿ ಬಂದು ತಿನ್ನಲು ಕೂತಾಗ ಅದು ತಣ್ಣಗಾಗಿತ್ತು.