ಕುಸುಬಿ ಎಣ್ಣೆ ಕುಡಿದ ಫಟಫಟಿ

ಮಾದನಹಿಪ್ಪರಗಾದ ಫಟಫಟಿಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತಿದ್ದ ಕಾಲ ಅದು. ನಮ್ಮ ಮನೆಯದು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ತವರಿಗೆ ತಂದದ್ದು ಒಂದು ಟ್ರಂಕು ಮತ್ತು ಗಂಡನ ಆ ಹಳೆಯ ಮೋಟಾರ್ ಸೈಕಲ್ ಗಾಡಿ. ಒಂಬತ್ತು ವರ್ಷ ಅದು ಕಣಕಿ ತುಂಬುವ ಕೋಣೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಒಳಗೆ ಕಾಲಿಟ್ಟರೆ ಒಣ ಜೋಳದ ದಂಟು, ಇಲಿ, ಎಣ್ಣೆ ಮೂರರ ವಾಸನೆಯೂ ಒಟ್ಟಿಗೆ ಬರುತ್ತಿತ್ತು.

ನನಗಾಗ ಹನ್ನೆರಡು. ಓದಿನಲ್ಲಿ ಸೊನ್ನೆ, ಅಣಕಿಸುವುದರಲ್ಲಿ ಊರಿಗೇ ಮೊದಲು. ಮಾಸ್ತರರ ಕೆಮ್ಮು, ಆಳಂದ ಬಸ್ಸಿನ ಕಂಡಕ್ಟರನ ಮೂಗಿನ ದನಿ, ಮಾತಿಗೆ ಮೊದಲು ದೊಡ್ಡಪ್ಪ ಗಂಟಲು ಕೆರೆಯುವ ರೀತಿ ಎಲ್ಲವೂ ನನ್ನ ಬಾಯಲ್ಲಿದ್ದವು. ಯಾರೂ ಸಿಗದ ದಿನ, ಏಟು ತಿಂದು ಅಳುವ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಫಟಫಟಿಯ ಸಪ್ಪಳ ಮಾತ್ರ ಅತ್ತಿ ಕಲಿಸಿದ್ದು. ಆ ಗಾಡಿ ಓಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳು ರೊಟ್ಟಿ ಬಡಿಯುತ್ತ ತಿದ್ದುತ್ತಿದ್ದಳು: "ಹಂಗಲ್ಲೋ. ಮೂರು ಸಲ ಬಡದು ಒಂಚೂರು ಉಸುರು ಹಿಡಿತಿತ್ತು. ಆಮ್ಯಾಲ ಮತ್ತ ಬಡಿತಿತ್ತು."

ಆ ವರ್ಷ ಜೋಳದ ರಾಶಿ ಮುಗಿದಾಗ ದೊಡ್ಡಪ್ಪನಿಗೆ ಹೊಸ ಕಣಕಿಗೆ ಜಾಗ ಬೇಕಾಯಿತು. ಬರುವ ಸಂತೆಯ ದಿನ ಗಾಡಿಯನ್ನು ಗುಜರಿಯವನಿಗೆ ಹಾಕುವುದೆಂದು ಊಟದ ಹೊತ್ತಿನಲ್ಲಿ ಹೇಳಿಬಿಟ್ಟ.

"ಗಾಡಿ ನಂದದ ಅಣ್ಣಾ," ಅಂದಳು ಅತ್ತಿ. "ನಾ ಹೊಡಿತೇನಿ."

ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಕಿಕ್ ಅಲುಗಿದರೂ ಸಾಕೆಂಬಂತೆ ದೊಡ್ಡಪ್ಪ ಗಂಟಲು ಕೆರೆದು ತೀರ್ಪು ಕೊಟ್ಟ: "ಸಂತಿ ತನಕಾ ಅದರ ಕಿಕ್ ಹಂದ್ಯಾಡಿದ್ರ ಇಟ್ಕೋ."

ಮರುದಿನವೇ ಆಳಂದದಿಂದ ಗಾಡಿ ರಿಪೇರಿಯ ಮೇಸ್ತ್ರಿ ಖಾಜಾ ಚಾಚಾ ಬಂದ. ಕಿಕ್ ಮೇಲೆ ಕಾಲಿಟ್ಟು ಒತ್ತಿದ, ಕಲ್ಲು. ಪ್ಲಗ್ ಬಿಚ್ಚಿ ತೂತಿಗೆ ಬೆರಳು ಹಾಕಿ ಮೂಸಿ ನೋಡಿದ.

"ಅಕ್ಕೋರೆ, ಇದರಾಗ ಏನ್ ಹಾಕೀರಿ?"

ಅತ್ತಿ ಹೆಮ್ಮೆಯಿಂದ ಹೇಳಿದಳು: ಅಮಾವಾಸ್ಯೆಗೊಮ್ಮೆ ಬಂಡಿಯ ಅಚ್ಚಿಗೆ ಎಣ್ಣೆ ಹಾಕುವಾಗ ಇದಕ್ಕೂ ಹಾಕುತ್ತಿದ್ದಳಂತೆ. ಅದೂ ನಮ್ಮ ಹೊಲದ ಕುಸುಬಿಯದು, ಗಾಣದಿಂದ ಬಂದ ತಾಜಾ ಎಣ್ಣೆ. ಮಾವನ ಕಾಲದಲ್ಲಿ ಬೇರೊಬ್ಬ ಮೇಸ್ತ್ರಿ ಪ್ಲಗ್ ಬಿಚ್ಚುವುದನ್ನು ತೋರಿಸಿಕೊಟ್ಟಿದ್ದರಿಂದ, ಕಂಡ ಕಂಡ ತೂತಿಗೆಲ್ಲ ಹೊಯ್ದಿದ್ದಳು.

ಚಾಚಾ ತಲೆಗೆ ಕೈ ಹಚ್ಚಿಕೊಂಡು ಕುಳಿತ. ಕುಸುಬಿ ಎಣ್ಣೆ ಬಹಳ ದಿನ ನಿಂತರೆ ಗೋಂದಾಗುತ್ತದೆ. ಒಳಗೆ ಪಿಸ್ಟನ್ ಅಂಟಿಬಿಟ್ಟಿದೆ ಎಂದ. "ನಿಮಗ ಇದರ ಮ್ಯಾಲ ಸಿಟ್ಟಿದ್ದಿದ್ರ ಗಾಡಿ ಚಲೋ ಇರ್ತಿತ್ರಿ. ಪ್ರೀತಿ ಮಾಡಿ ಕೆಡಿಸೀರಿ."

ಅತ್ತಿಯ ಮುಖ ಬಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರುಗಳಿಗೆಗೆ ಸೆರಗು ಸಿಕ್ಕಿಸಿದಳು. "ಹಾಕಿದ ಕೈನೇ ತೆಗಿತದ. ಹೆಂಗಂತ ಹೇಳು ಚಾಚಾ."

ಗೋಂದು ಕರಗಿಸಲು ಚಾಚಾ ಹೇಳಿದ್ದು ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಆ ವಾರವೆಲ್ಲ ಅದು ಮನೆಯ ದೀಪಕ್ಕಿಂತ ಗಾಡಿಗೇ ಹೆಚ್ಚು ಸುರಿಯಿತು. ಬೆಳಿಗ್ಗೆ ಸಂಜೆ ಪ್ಲಗ್ಗಿನ ತೂತಿಗೆ ಹೊಯ್ಯುವುದು. ಬಿಚ್ಚಿದ ಸಾಮಾನುಗಳನ್ನು ಬೋಗುಣಿಯಲ್ಲಿ ನೆನೆಯಿಟ್ಟು ಜಾಲಿಕಡ್ಡಿಯಿಂದ ಕೆರೆಯುವುದು. ಹಳದಿ ಮೇಣ ಪದರು ಪದರಾಗಿ ಏಳುತ್ತಿತ್ತು. ರೊಟ್ಟಿಗೂ ಅದೇ ವಾಸನೆ. ಬಾವಿಕಟ್ಟೆಯ ಹೆಂಗಸರು ಗಂಡ ಸತ್ತವಳಿಗೆ ಫಟಫಟಿ ಯಾಕೆಂದು ಆಡಿದ್ದನ್ನು ನಾನು ಅವರವರ ದನಿಯಲ್ಲೇ ಅತ್ತಿಗೆ ಒಪ್ಪಿಸುತ್ತಿದ್ದೆ. ಅವಳು ನಗುತ್ತಿದ್ದಳು, ಇನ್ನಷ್ಟು ಜೋರಾಗಿ ಕೆರೆಯುತ್ತಿದ್ದಳು.

ಸಂತೆಯ ದಿನ ಗುಜರಿಯವನು ತಕ್ಕಡಿ ಸಮೇತ ಬಂದ. ಅತ್ತಿ ಕಿಕ್ ಮೇಲೆ ನಿಂತಳು. ಅಲುಗಲಿಲ್ಲ. ಗೋಡೆ ಹಿಡಿದು ಜಿಗಿದಳು. ಇಲ್ಲ. ದೊಡ್ಡಪ್ಪ ಹೊಸ ಧೋತರದ ಚುಂಗು ಹಿಡಿದು ಗಾಡಿಯ ಪಕ್ಕದಲ್ಲೇ ಗೆದ್ದವನಂತೆ ನಿಂತಿದ್ದ. ನಾನು ಓಡಿಹೋಗಿ ಅತ್ತಿಯ ಕೊರಳಿಗೆ ಜೋತುಬಿದ್ದೆ. 'ಕಟಕ್' ಎಂದಿತು. ಕಿಕ್ ನಾಲ್ಕು ಬೆರಳು ಕೆಳಗಿಳಿಯಿತು, ತೂತಿನಿಂದ ಕಪ್ಪನೆಯ ಪಾಕ ಚಿಮ್ಮಿ ಆ ಧೋತರಕ್ಕೇ ಬಿತ್ತು.

"ಇದಕ್ಕ ಹಂದ್ಯಾಡೋದಂತಾರೇನು?" ಎಂದು ಗುಡುಗಿದ ದೊಡ್ಡಪ್ಪ.

ನಾನು ಗಂಟಲು ಕೆರೆದು, ಅವನದೇ ದನಿಯಲ್ಲಿ ಅಂದೆ: "ಸಂತಿ ತನಕಾ ಅದರ ಕಿಕ್ ಹಂದ್ಯಾಡಿದ್ರ ಇಟ್ಕೋ."

ಕೆನ್ನೆಗೆ ಬಿದ್ದ ಏಟಿನ ಸಪ್ಪಳವನ್ನೂ ನಾನು ಈಗ ಚೆನ್ನಾಗಿ ಮಾಡಬಲ್ಲೆ. ಆದರೆ ಗುಜರಿಯವನು ತಕ್ಕಡಿ ಮಡಚುತ್ತಿದ್ದ. "ನಾ ಸತ್ತಿದ್ದಷ್ಟೇ ತೂಗ್ತೇನ್ರಿ ಸಾವಕಾರ್ರ. ಇದು ಉಗುಳಾಕತ್ತದ."

ಗಾಡಿ ನಿಜಕ್ಕೂ ಓಡಿದ್ದು ಮರುವರ್ಷ. ಅತ್ತಿ ಗಾಣಗಾಪುರದವರೆಗೂ ಹೊಡೆದಳು. ಹಿಂದೆ ಕುಳಿತು ದಾರಿಯುದ್ದಕ್ಕೂ ಅತ್ತ ಧೀರ ನಾನೇ.

ಈಗ ನಮ್ಮ ಹೊಲದಲ್ಲಿ ಕುಸುಬಿಯಿಲ್ಲ, ಊರಲ್ಲಿ ಗಾಣವಿಲ್ಲ. ಚಾಚಾ ಇಲ್ಲ, ದೊಡ್ಡಪ್ಪನಿಲ್ಲ. ಅತ್ತಿಯೂ ಹೋದಳು. ಹಳೆಯ ಗಾಡಿ ಕೊಳ್ಳುವವರು ಆಗಾಗ ಮನೆಗೆ ಬರುತ್ತಾರೆ. ದೊಡ್ಡಪ್ಪನ ದನಿಯಲ್ಲೇ ಗಂಟಲು ಕೆರೆದು ಅವರನ್ನು ಅಟ್ಟುತ್ತೇನೆ. ಮಕ್ಕಳು ಕೇಳಿದರೆ ಫಟಫಟಿಯ ಸಪ್ಪಳ ಮಾಡುತ್ತೇನೆ. ಹೇಗೆ ಮಾಡಿದರೂ ಚಪ್ಪಾಳೆ ಹೊಡೆಯುತ್ತಾರೆ. 'ಹಂಗಲ್ಲೋ' ಎನ್ನುವವರು ಯಾರೂ ಉಳಿದಿಲ್ಲ. ಆದರೂ ಮೂರು ಸಲ ಬಡಿದು, ಒಂಚೂರು ಉಸಿರು ಹಿಡಿದೇ ಮುಂದಕ್ಕೆ ಹೋಗುತ್ತೇನೆ.